ಮೊಟ್ಟೆ ತಿರುಗಿಸಬೇಡ

ಪ್ರೀತಿಯ ಪುಟ್ಟೀ,

ಆರು ತಿಂಗಳು ದೇಶ ದೇಶ ಸುತ್ತುತ್ತೇನೆ, ಅಲ್ಲಲ್ಲಿ ನಿಂತು ಸ್ವಯಂಸೇವೆ ಮಾಡುತ್ತೇನೆ ಅಂತ ಬರೆದಿದ್ದೀಯ. ಅದರ ಬೆನ್ನಿಗೇ ನಿನ್ನ ಅಮ್ಮ ಫೋನ್ ಮಾಡಿ "ನೀನಾದ್ರೂ ಸ್ವಲ್ಪ ಬುದ್ಧಿ ಹೇಳಕ್ಕಾ" ಅಂದಳು. ನಾನು ಬೇಡ ಅನ್ನಲಿ ಅಂತ ಅವಳ ಆಸೆ. ನಾನು ಅನ್ನುವುದಿಲ್ಲ. ಹೋಗು. ಆದರೆ "ಅಲ್ಲಿನವರ ಬದುಕು ಬದಲಾಯಿಸಬೇಕು" ಅಂತ ಒಂದು ಸಾಲು ಬರೆದಿದ್ದೀಯಲ್ಲ, ಅದನ್ನು ಓದಿ ನಗು ಬಂತು ಕಣೇ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡು ಹೊರಟವಳು.

ನಾನು ಸೇರಿದ್ದು ಕಡಲಾಮೆ ಮೊಟ್ಟೆ ಕಾಯುವ ಕೆಲಸಕ್ಕೆ. ಮೂರು ವಾರ. ರಾತ್ರಿಯಿಡೀ ಮರಳಲ್ಲಿ ನಡೆಯಬೇಕು. ಆಮೆ ಮೊಟ್ಟೆಯಿಟ್ಟು ಹೋದ ಜಾಗ ಹುಡುಕಬೇಕು. ನಾಯಿಗಳು ಅಗೆಯುವ ಮೊದಲೇ ಮೊಟ್ಟೆ ತೆಗೆದು, ಬೇಲಿ ಹಾಕಿದ ಜಾಗಕ್ಕೆ ತಂದು ಹೂಳಬೇಕು. ಮೊದಲ ರಾತ್ರಿ ಸಿಕ್ಕ ಗುಂಡಿಯಲ್ಲಿ ನೂರಕ್ಕೂ ಜಾಸ್ತಿ ಮೊಟ್ಟೆ. ಟೇಬಲ್ ಟೆನ್ನಿಸ್ ಚೆಂಡಿನಂತೆ ಬೆಳ್ಳಗೆ, ಆದರೆ ಒತ್ತಿದರೆ ತಗ್ಗುವಷ್ಟು ಮೆತ್ತಗೆ. ನಾನು ಒಂದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದೆ. ಪಕ್ಕದಲ್ಲಿದ್ದ ವಯಸ್ಸಾದ ಮೀನುಗಾರರು ಬೈಯಲಿಲ್ಲ. ಸುಮ್ನೆ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಆಮೆ ಮೊಟ್ಟೆಯಿಟ್ಟು ಕೆಲವು ಗಂಟೆ ಕಳೆದರೆ ಒಳಗಿನ ಭ್ರೂಣ ಚಿಪ್ಪಿನ ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಮರಿ ಸಾಯಬಹುದು. ಮೇಲಿದ್ದ ಬದಿ ಮೇಲೇ ಇರಬೇಕು. ಇದನ್ನೆಲ್ಲ ಸಂಜೆಯೇ ಹೇಳಿಕೊಟ್ಟಿದ್ದರು. ನಾನು ಆಗ ಫೋಟೊ ತೆಗೆಯುತ್ತಿದ್ದೆ.

ಮೊದಲ ವಾರ ನಾನು ಅವರಿಗೆ ಹೊರೆಯೇ ಆಗಿದ್ದೆ. ಅವರು ಕತ್ತಲಲ್ಲೇ ಆಮೆಯ ಹೆಜ್ಜೆ ಗುರುತು ಹಿಡಿಯುತ್ತಿದ್ದರು, ನಾನು ಅದನ್ನೇ ತುಳಿದುಕೊಂಡು ಹೋಗುತ್ತಿದ್ದೆ. ಸಹಾಯ ಮಾಡಲು ಬಂದವಳಿಗೆ ಸಹಾಯ ಮಾಡುವುದೇ ಅವರಿಗೆ ಇನ್ನೊಂದು ಕೆಲಸ! ಆಫೀಸಿನಲ್ಲಿ ಹತ್ತು ಜನರಿಗೆ ಕೆಲಸ ಹೇಳುತ್ತಿದ್ದವಳಿಗೆ ಅದು ಸಣ್ಣ ಅವಮಾನವಲ್ಲ. ಎರಡನೇ ವಾರದಲ್ಲಿ ಬಾಯಿ ತಾನಾಗಿಯೇ ಮುಚ್ಚಿತು. ಅವರ ನಡಿಗೆಗೆ ನನ್ನ ನಡಿಗೆ ಹೊಂದಿಸಿಕೊಂಡೆ. ಮುಟ್ಟುವ ಮೊದಲು ಕೇಳುವುದನ್ನು ಕಲಿತೆ. ಪ್ರವಾಸ ನನ್ನನ್ನು ಬದಲಾಯಿಸಿತು ಅಂತ ನಾನು ಹೇಳಿದರೆ, ಅದು ಇಷ್ಟೇ. ದೊಡ್ಡ ಜ್ಞಾನೋದಯವೇನೂ ಆಗಲಿಲ್ಲ. ಮನೆಗೆ ಬಂದ ಮೇಲೆ "ಕೊಡಿಲ್ಲಿ, ನಾನು ಮಾಡ್ತೀನಿ" ಅಂತ ಇನ್ನೊಬ್ಬರ ಕೈಯಿಂದ ಕೆಲಸ ಕಿತ್ತುಕೊಳ್ಳುವುದು ಕಡಿಮೆಯಾಯಿತು. ನಿನ್ನ ದೊಡ್ಡಪ್ಪನನ್ನು ಕೇಳು, ಪೂರ್ತಿ ಹೋಗಿಲ್ಲ ಅನ್ನುತ್ತಾರೆ.

ಈಗ ನೀನು ಮಾಡಬೇಕೆಂದಿರುವ ಸೇವೆಗಳ ಪಟ್ಟಿಗೆ ಬರುತ್ತೇನೆ: ತೋಟ, ಅನಾಥಾಶ್ರಮ. ತೋಟದಲ್ಲಿ ದುಡಿದು ಊಟ ವಸತಿ ಪಡೆಯುವ ಕೆಲಸ ಒಳ್ಳೆಯದು. ಆ ಪದ್ಧತಿ 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಗಿದ್ದು. ಲಂಡನ್ನಿನಲ್ಲಿ ಸೆಕ್ರೆಟರಿಯಾಗಿದ್ದ ಸೂ ಕಾಪರ್ಡ್ ಅನ್ನುವಾಕೆಗೆ ಹಳ್ಳಿಗಾಡಿನ ಗಾಳಿ ಬೇಕೆನಿಸಿ, ಶನಿವಾರ-ಭಾನುವಾರ ಸಾವಯವ ತೋಟದಲ್ಲಿ ದುಡಿಯುವ ಏರ್ಪಾಡು ಮಾಡಿದರು. ಅದೇ ಇವತ್ತು ವೂಫ್ (WWOOF) ಅನ್ನುವ ಜಾಲ, ದುಡಿಯುವವರನ್ನೂ ಸಾವಯವ ತೋಟದವರನ್ನೂ ಜೋಡಿಸುವಂಥದ್ದು. ಈ ಕತೆಯಲ್ಲಿ ನನಗೆ ಇಷ್ಟವಾಗುವುದು, ಆಕೆ ಯಾರನ್ನೂ ಉದ್ಧಾರ ಮಾಡಲು ಹೊರಟವರಲ್ಲ. ತನಗೆ ಬೇಕಾದದ್ದಕ್ಕೆ ಹೋದರು, ಬದಲಿಗೆ ಬೆವರು ಸುರಿಸಿದರು. ಲೆಕ್ಕ ಚುಕ್ತಾ. ಒಂದು ಎಚ್ಚರ: ಊಟ ವಸತಿಗಾಗಿ ದುಡಿದರೂ ಎಷ್ಟೋ ದೇಶಗಳಲ್ಲಿ ಅದನ್ನು ಕೆಲಸ ಅಂತಲೇ ಎಣಿಸುತ್ತಾರೆ. ಪ್ರವಾಸಿ ವೀಸಾದಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳಬೇಡ, ಮೊದಲೇ ವಿಚಾರಿಸು. ದಿನಕ್ಕೆ ಎಷ್ಟು ಗಂಟೆ, ರಜೆ ಯಾವತ್ತು, ಮಲಗುವುದು ಎಲ್ಲಿ, ಇದನ್ನೆಲ್ಲ ಬರೆಸಿಕೋ.

ಅನಾಥಾಶ್ರಮದ್ದು ಮಾತ್ರ ಬಿಟ್ಟುಬಿಡು. ಇದು ಬುದ್ಧಿಮಾತಲ್ಲ, ಹಟ ಅಂತಲೇ ತಿಳಿದುಕೋ. ಇಂಥ ಆಶ್ರಮಗಳಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಬಂದು ಹೋಗುವವರ ದುಡ್ಡಿಗಾಗಿ ಮಕ್ಕಳನ್ನು ಮನೆಯಿಂದ ತಂದು ಕೂರಿಸಿದ ಕಡೆಗಳೂ ಇವೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ, ಅನಾಥಾಶ್ರಮಗಳ ಸ್ವಯಂಸೇವೆಯಿಂದ ಆಗುವ ಹಾನಿ ತಡೆಯಿರಿ ಅಂತ ನಿರ್ಣಯದಲ್ಲಿ ಹೇಳಿತು. ಅದೆಲ್ಲ ಇರಲಿ, ಮಗುವಿನ ಕಡೆಯಿಂದ ನೋಡು. ಎರಡು ವಾರ ನಿನ್ನ ಕುತ್ತಿಗೆಗೆ ಜೋತುಬೀಳುತ್ತದೆ. ನೀನು ಹೊರಡುತ್ತೀಯ. ಮುಂದಿನ ವಾರ ಇನ್ನೊಬ್ಬಳು. ವರ್ಷಕ್ಕೆ ಎಷ್ಟು ಸಲ ಅದು ಹಾಗೆ ಅಳಬೇಕು? ನಿನಗೆ ಅದು ನೆನಪಿನ ಫೋಟೊ ಅಷ್ಟೇ ಅಲ್ವಾ?

ಎಲ್ಲಿಗೆ ಹೋದರೂ ಒಂದು ಪ್ರಶ್ನೆ ಕೇಳು: ನಾನು ಬರುವ ಮೊದಲು ಈ ಕೆಲಸ ಯಾರು ಮಾಡುತ್ತಿದ್ದರು, ಹೋದ ಮೇಲೆ ಯಾರು ಮಾಡುತ್ತಾರೆ? ಉತ್ತರ ಬಾರದಿದ್ದರೆ ಬ್ಯಾಗ್ ಬಿಚ್ಚಬೇಡ.

ಆಮೆ ಮೊಟ್ಟೆ ಒಡೆಯಲು ಒಂದೂವರೆ ಎರಡು ತಿಂಗಳು ಬೇಕು. ನಾನಿದ್ದದ್ದು 21 ದಿನ. ಹೂಳಿದ ಪ್ರತಿ ಗುಂಡಿಗೂ ಕಡ್ಡಿ ನೆಟ್ಟು ತಾರೀಕು ಬರೆದಿದ್ದೆ, ಒಂದರಿಂದಲೂ ಮರಿ ಬಂದದ್ದನ್ನು ನೋಡಲಿಲ್ಲ. ಹೊರಡುವ ಬೆಳಗ್ಗೆ ಆ ಹಿರಿಯರಿಗೆ ಹೇಳಿ ಬರೋಣ ಅಂತ ಹೋದೆ. ರಾತ್ರಿ ಪಾಳಿ ಮುಗಿಸಿ ಗಾಢ ನಿದ್ದೆಯಲ್ಲಿದ್ದರು. ನಾನು ಎಬ್ಬಿಸಲಿಲ್ಲ.

ನಿನ್ನ,
ದೊಡ್ಡಮ್ಮ