ಆಸ್ಪತ್ರೆಯಿಂದ ಮನೆಗೆ ಬಂದ ಮಕ್ಕಳಿಗಾಗಿ ಒಂದು ಮನವಿ

ಆತ್ಮೀಯರೇ,

ತಮ್ಮ ಮೈಗೆ ತಾವೇ ಗಾಯ ಮಾಡಿಕೊಂಡು ಆಸ್ಪತ್ರೆ ಸೇರುವ ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು ನಮ್ಮ ಮಲೆನಾಡಿನಲ್ಲೂ ಇದ್ದಾರೆ. ಗಾಯ ಮಾಯುತ್ತದೆ, ಡಿಸ್ಚಾರ್ಜ್ ಆಗುತ್ತದೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲೇ ಅಪಾಯ ಜಾಸ್ತಿ ಎನ್ನುತ್ತಾರೆ ಮನೋವೈದ್ಯರು.

ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳು ನಿಮಗೆ ಗೊತ್ತೇ ಇವೆ. ಪಕ್ಕದ ಮನೆಗೆ ಹೋಗಬೇಕಾದರೆ ತೋಟ ದಾಟಬೇಕು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. 'ಹದಿನೈದು ದಿನಕ್ಕೊಮ್ಮೆ ಶಿವಮೊಗ್ಗಕ್ಕೆ ಬಂದು ತೋರಿಸಿ' ಎಂದು ಡಾಕ್ಟರ್ ಹೇಳಿರುತ್ತಾರೆ. ಕೂಲಿಗೆ ಹೋಗುವ ತಾಯಿಗೆ ಬಸ್ ಚಾರ್ಜಿನ ಜೊತೆ ಆ ದಿನದ ಸಂಬಳವೂ ಹೋಯಿತು. ಎರಡು ಸಲ ಬರುತ್ತಾರೆ. ಮೂರನೇ ಸಲ 'ಈಗ ಹುಷಾರಾಗಿದ್ದಾಳಲ್ಲ' ಎಂದು ಬಿಟ್ಟುಬಿಡುತ್ತಾರೆ. ಅವರನ್ನು ಬೈದು ಏನು ಪ್ರಯೋಜನ?

ಶಾಲೆಗೆ ವಾಪಸ್ ಹೋಗುವುದು ಇನ್ನೊಂದು ಸಂಕಟ. 'ಇಷ್ಟು ದಿನ ಎಲ್ಲಿದ್ದೆ?', 'ಈ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಯಾಕೆ?' ಊರವರದ್ದಂತೂ ಒಂದೇ ಮಾತು, ಎಲ್ಲಾ ನಾಟಕ. ಖಂಡಿತ ಅಲ್ಲ. ನೋವು ತಡೆಯಲಾಗದೆ, ಹೇಳಿಕೊಳ್ಳಲು ಯಾರೂ ಸಿಗದೆ ಮಕ್ಕಳು ಅಲ್ಲಿಗೆ ಮುಟ್ಟುತ್ತಾರೆ. ಪೊಲೀಸ್ ಕೇಸ್ ಆದೀತೆಂದು ಮುಚ್ಚಿಡುವ ಮನೆಯವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು. ಅವರಿಗೆ ಬೇಕಾದ್ದು ಚಿಕಿತ್ಸೆ, ಶಿಕ್ಷೆಯಲ್ಲ.

ನಮ್ಮ ಟ್ರಸ್ಟ್ ಹಣ ಕೇಳುತ್ತಿರುವುದು ದೊಡ್ಡ ಕೆಲಸಕ್ಕಲ್ಲ. ಮಗು ಮತ್ತು ಜೊತೆಗೆ ಬರುವವರ ಬಸ್ ಚಾರ್ಜು, ತಪ್ಪಿದ ಕೂಲಿ. ತೋಟಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳನ್ನು ಬೀಗ ಹಾಕಿಡಲು ಒಂದು ಪೆಟ್ಟಿಗೆ. ವಾರಕ್ಕೊಮ್ಮೆ ಮನೆಗೆ ಹೋಗಿ ಸುಮ್ನೆ ಕೂತು ಮಾತಾಡುವ, ತರಬೇತಿ ಪಡೆದ ಕಾರ್ಯಕರ್ತೆಯ ಸಂಬಳ. ಹೆಡ್‌ಮಾಸ್ಟರ ಹತ್ತಿರ ಮಾತಾಡುವುದೂ ಅವರದೇ ಕೆಲಸ: ಮೊದಲ ವಾರ ಅರ್ಧ ದಿನ ಶಾಲೆ, ಮನಸ್ಸು ಕೆಟ್ಟಾಗ ಹೋಗಿ ಕೂರಲು ಒಂದು ಜಾಗ, ನಂಬಿಕೆಯ ಒಬ್ಬರು ಟೀಚರ್. ಓದು ತಪ್ಪಿದ್ದರೆ ಮನೆಪಾಠ. ಇಷ್ಟಾದರೂ ಎಷ್ಟೋ ಮಕ್ಕಳು ಮತ್ತೆ ಕ್ಲಾಸಿನಲ್ಲಿ ಕೂರುತ್ತಾರೆ.

ನಾವು ಕಟ್ಟಡ ಕಟ್ಟುತ್ತಿಲ್ಲ. ಹಾಗಾಗಿ ದಾನಿಗಳ ಹೆಸರಿನ ಕಲ್ಲು ಹಾಕಿಸಲು ಗೋಡೆಯೇ ಇಲ್ಲ! ಮಕ್ಕಳ ಫೋಟೋ, ಹೆಸರು, ಊರು ಕೇಳಬೇಡಿ, ಯಾರಿಗೂ ಕೊಡುವುದಿಲ್ಲ. ಲೆಕ್ಕ ಮಾತ್ರ ಕೇಳಿ, ಪೈಸೆ ಪೈಸೆಗೂ ತೋರಿಸುತ್ತೇವೆ.

ನೂರು ರೂಪಾಯಿಯೂ ಆದೀತು. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಎಂದರೂ ಸರಿ. ಟ್ರಸ್ಟಿನ ಕಚೇರಿಗೆ ಬಂದು ಕೊಟ್ಟು ರಶೀದಿ ಪಡೆಯಿರಿ.

ನಿಮ್ಮ ಮನೆಯಲ್ಲೇ ಇಂಥ ಮಗು ಇದ್ದರೆ ದೇಣಿಗೆ ವಿಷಯ ಬಿಡಿ, ಮೊದಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.