ಬ್ಯಾಟರಿ ಮೇ ತಿಂಗಳಲ್ಲಿ, ದುಡ್ಡು ಮಾರ್ಚ್‌ನಲ್ಲಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ವಿಜಯಪುರ ಜಿಲ್ಲೆಯ ಭೀಮಾ ತೀರದ ಹಳ್ಳಿಗಳಲ್ಲಿ ಇಪ್ಪತ್ತೆಂಟು ವರ್ಷ ಆರೋಗ್ಯ ಸಹಾಯಕಿಯಾಗಿ ದುಡಿದು 2022ರಲ್ಲಿ ನಿವೃತ್ತಳಾದವಳು ನಾನು. ಊರವರಿಗೆ ಇಂದಿಗೂ ನರ್ಸಬಾಯಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಸ ಕಟ್ಟಡದ ಭೂಮಿಪೂಜೆಗೆ ತಾವು ಬಂದಿದ್ದಿರಿ, ಸಂತೋಷವಾಯಿತು. ಅಂದಿನ ಹಾರ ತುರಾಯಿಗಳ ಗದ್ದಲದಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಒಂದು ಮೇ ತಿಂಗಳು ನಮ್ಮ ಕೇಂದ್ರದ ಇನ್ವರ್ಟರ್ ಬ್ಯಾಟರಿ ಕೈಕೊಟ್ಟಿತು. ನಮ್ಮ ಕಡೆಯ ಬಿಸಿಲು ತಮಗೆ ಗೊತ್ತೇ ಇದೆ. ಲಸಿಕೆಗೆ 2ರಿಂದ 8 ಡಿಗ್ರಿಯ ತಂಪು ಬೇಕು, ಕರೆಂಟು ಹೋದರೆ ಸಂಜೆಯವರೆಗೆ ಸುಳಿವಿಲ್ಲ. ಡಬ್ಬಿಯಲ್ಲಿ ಐಸ್ ಇಟ್ಟು, ಲಸಿಕೆಗಳನ್ನು ಬೈಕಿನ ಮೇಲೆ ಪಕ್ಕದ ಕೇಂದ್ರಕ್ಕೆ ಸಾಗಿಸಿದೆವು. ಇಂಥ ಖರ್ಚಿಗೆಂದೇ ಮುಕ್ತ ನಿಧಿ, ಅಂದರೆ ಕೇಂದ್ರವೇ ತನ್ನ ಅಗತ್ಯ ನೋಡಿ ಬಳಸುವ ಹಣ, ಇದೆ. ಆಸ್ಪತ್ರೆಯ ಆಡಳಿತ ನೋಡುವ ಆರೋಗ್ಯ ರಕ್ಷಾ ಸಮಿತಿ ಒಪ್ಪಿದರೆ ಸಾಕು. ಆದರೆ ಖಾತೆ ಬರಿದು. ಕೊನೆಗೆ ವೈದ್ಯಾಧಿಕಾರಿಗಳು ತಮ್ಮ ಜೇಬಿನಿಂದ ಕೊಟ್ಟರು. ಮುಂದಿನ ಮಾರ್ಚ್ ಮೂರನೇ ವಾರದಲ್ಲಿ ದುಡ್ಡು ಬಂತು, 31ರೊಳಗೆ ಮುಗಿಸಬೇಕೆಂಬ ಫೋನೂ ಬಂತು. ಕುರ್ಚಿ, ಪರದೆ, ಗೋಡೆಬರಹ ಎಂದು ಮುಗಿಸಿದೆವು. ಆ ಬಿಲ್ಲುಗಳ ಮೇಲೆ ನನ್ನ ಸಹಿಯೂ ಇದೆ, ಮುಚ್ಚಿಡುವುದಿಲ್ಲ.

ಈ ಹಣ ಬರುವ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರ ಸರ್ಕಾರದ್ದು ಶೇ 60, ರಾಜ್ಯದ್ದು ಶೇ 40. ಒಂದು ಕಂತಿನ ಬಳಕೆ ಪ್ರಮಾಣಪತ್ರ, ಅಂದರೆ ಹಣ ಖರ್ಚಾದ ಲೆಕ್ಕದ ದೃಢೀಕರಣ, ತಡವಾದರೆ ಮುಂದಿನ ಕಂತು ನಿಲ್ಲುತ್ತದೆ. ಮೇಲೆ ಒಂದು ತಿಂಗಳು ತಡವಾದದ್ದು ಹಳ್ಳಿ ಮುಟ್ಟುವಷ್ಟರಲ್ಲಿ ನಾಲ್ಕಾಗಿರುತ್ತದೆ. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಎಂದು ಗೊತ್ತು ಮಾಡಿದ್ದರು. ನಾನು ಮನೆಗೆ ಹೋಗುವವರೆಗೂ ಆ ಅಂಕಿ ಅಲುಗಲಿಲ್ಲ. ಬ್ಲೀಚಿಂಗ್ ಪುಡಿಯ ಬೆಲೆ ಮಾತ್ರ ಅಲುಗುತ್ತಲೇ ಇತ್ತು.

ಹದಿನೈದನೇ ಹಣಕಾಸು ಆಯೋಗ 2021-26ರ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ ದೇಶಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಕಟ್ಟಡ, ಪ್ರಯೋಗಾಲಯಗಳಿಗೆ ಅದು ಬೇಕಿತ್ತು, ಅಲ್ಲಗಳೆಯುವುದಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ ರಾಜ್ಯಗಳು 2020ರೊಳಗೆ ಬಜೆಟ್ಟಿನ ಶೇ 8ಕ್ಕೂ ಹೆಚ್ಚನ್ನು ಆರೋಗ್ಯಕ್ಕೆ ಇಡಬೇಕೆಂದಿತು, ಆರೋಗ್ಯದ ಹಣದಲ್ಲಿ ಮೂರನೇ ಎರಡು ಪಾಲು ಪ್ರಾಥಮಿಕ ಚಿಕಿತ್ಸೆಗೆ ಹೋಗಬೇಕೆಂದಿತು. ನಮ್ಮ ರಾಜ್ಯ ಆ ಶೇ 8ನ್ನು ಇನ್ನೂ ಮುಟ್ಟಿಲ್ಲ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಕಾರ್ಡು ಒಳ್ಳೆಯದೇ. ಅದರಿಂದ ಬದುಕಿದವರನ್ನು ಕಂಡಿದ್ದೇನೆ. ಆದರೆ ಬಿಪಿ ಮಾತ್ರೆ ಎರಡು ತಿಂಗಳು ಸಿಗದೆ ಪಾರ್ಶ್ವವಾಯು ಹೊಡೆದ ಕಬ್ಬು ಕಡಿಯುವವನನ್ನೂ ಕಂಡಿದ್ದೇನೆ. ಅವನ ಕಾರ್ಡಿನಿಂದ ಹೋದ ಹಣದಲ್ಲಿ ಇಡೀ ಊರಿಗೆ ವರ್ಷಗಟ್ಟಲೆ ಮಾತ್ರೆ ತರಬಹುದಿತ್ತು.

ಇಲಾಖೆಗಳ ಕೆಲಸ, ಖರ್ಚು ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆ ತಮ್ಮ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಅಲ್ಲಿ ಶೇಕಡಾ ಎಷ್ಟು ಖರ್ಚಾಯಿತು ಎಂದು ಓದುತ್ತಾರೆ, ಮಾರ್ಚ್ ದಾಟಿದ ಮೇಲೆ ಆ ಅಂಕಿ ಯಾವಾಗಲೂ ಚಂದವೇ. ತಾವು ತಾರೀಖು ಕೇಳಿ. ಯಾವ ಕೇಂದ್ರದ ಖಾತೆಗೆ ಯಾವ ದಿನ ಎಷ್ಟು ಜಮೆಯಾಯಿತು ಎಂಬುದನ್ನು ಪ್ರತಿ ಸಭೆಯಲ್ಲೂ ಓದಿಸಿ. ಏಪ್ರಿಲ್-ಮೇನಲ್ಲೇ ಮೊದಲ ಕಂತು ಕೊಡಿ ಎಂದು ವಿಧಾನಸಭೆಯಲ್ಲೂ ಎತ್ತಿ.

ಹೊಸ ಕಟ್ಟಡದ ಅಂದಾಜುಪಟ್ಟಿಯಲ್ಲಿ ಇನ್ವರ್ಟರ್ ಇದೆಯಂತೆ. ಅದರ ಬ್ಯಾಟರಿ ಮೂರ್ನಾಲ್ಕು ವರ್ಷಕ್ಕೆ ಸೋಲುತ್ತದೆ. ಹೊಸ ಬ್ಯಾಟರಿಯ ಖರ್ಚು ಯಾವ ಲೆಕ್ಕದಿಂದ ಎಂಬುದನ್ನು ಈಗಲೇ ಬರೆಸಿಬಿಡಿ.

ಇತಿ,
ನಿವೃತ್ತ ಆರೋಗ್ಯ ಸಹಾಯಕಿ
ವಿಜಯಪುರ ಜಿಲ್ಲೆ