ಉತ್ಸವ ಮುಗಿಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ನಮ್ಮ ವಿಶ್ವವಿದ್ಯಾಲಯದ ಕಲಾ ಉತ್ಸವ ನಿನ್ನೆ ರಾತ್ರಿ ಮುಗಿಯಿತು. ಪೂರ್ತಿ ಆನ್‌ಲೈನ್‌ನಲ್ಲೇ ನಡೆಯಿತು. ಸಂಗೀತ, ನೃತ್ಯ, ನಾಟಕ, ಕವಿಗೋಷ್ಠಿ, ಚಿತ್ರಕಲೆ, ಶಿಲ್ಪ, ಕಿರುಚಿತ್ರ ಎಲ್ಲವೂ ಇದ್ದವು. ಕ್ಯಾಂಪಸ್ ಮುಚ್ಚಿತ್ತು, ರಂಗಮಂದಿರಕ್ಕೆ ಬೀಗ ಬಿದ್ದಿತ್ತು. ಆದರೂ ಒಂದು ಕಾರ್ಯಕ್ರಮವೂ ರದ್ದಾಗಲಿಲ್ಲ. ನಾನು ವಿದ್ಯಾರ್ಥಿ ಸಮಿತಿಯ ಸಂಚಾಲಕಿ ಆಗಿದ್ದರಿಂದ ಅಭಿನಂದನೆಗಳೆಲ್ಲ ನನಗೇ ಬರುತ್ತಿವೆ. ಅವು ಸೇರಬೇಕಾದವರು ಬೇರೆಯೇ ಇದ್ದಾರೆ. ಅವರು ಮಾಡಿದ ಕೆಲಸ ನೋಡುಗರಿಗೆ ಕಾಣಲಿಲ್ಲ, ನನಗೆ ಕಂಡಿದೆ. ಅದನ್ನು ಎಲ್ಲರ ಮುಂದೆ ಹೇಳದೆ ಇರಲು ಮನಸ್ಸು ಒಪ್ಪುತ್ತಿಲ್ಲ.

ಈ ಸಲ ಬಿಟ್ಟುಬಿಡೋಣ ಅನ್ನುವ ಮಾತು ಮೊದಲ ಸಭೆಯಲ್ಲೇ ಬಂದಿತ್ತು. ಹಾಗೆ ಹೇಳಿದವರ ಮಾತಿನಲ್ಲಿ ನ್ಯಾಯವಿತ್ತು. 1947ರಲ್ಲಿ ಶುರುವಾದ, ಸ್ಕಾಟ್ಲೆಂಡಿನ ದೊಡ್ಡ ಕಲಾ ಉತ್ಸವವಾದ ಎಡಿನ್‌ಬರೋ ಉತ್ಸವವೇ ಕೊರೊನಾ ಕಾರಣಕ್ಕೆ 2020ರಲ್ಲಿ ಮೊದಲ ಬಾರಿಗೆ ರದ್ದಾಗಿತ್ತು. ಅಂಥದ್ದರಲ್ಲಿ ನಮ್ಮದೇನು ಅಂತ ಕೇಳಿದರೆ ತಪ್ಪಲ್ಲ. ಆದರೆ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಮುಂದಿನ ವರ್ಷ ಅನ್ನುವುದು ಇರಲಿಲ್ಲ ಅಲ್ವಾ? ಅವರಿಗಾಗಿ ಪಟ್ಟು ಹಿಡಿದವರು ನಮ್ಮ ಮೇಷ್ಟ್ರು. ರಂಗದ ಮೇಲೆ ಮಾಡುವುದನ್ನೇ ಕ್ಯಾಮೆರಾ ಮುಂದೆ ತಂದಿಡಬೇಡಿ, ಹೊಸದಾಗಿ ಯೋಚನೆ ಮಾಡಿ ಅಂತ ಹೇಳಿದವರೂ ಅವರೇ. ಆ ಒಂದು ಮಾತು ಇಡೀ ಉತ್ಸವಕ್ಕೆ ದಾರಿ ತೋರಿಸಿತು. ಸರ್, ನಿಮಗೆ ಮೊದಲ ನಮಸ್ಕಾರ.

ಎಲ್ಲಕ್ಕಿಂತ ಕಷ್ಟವಾದದ್ದು ಸಮೂಹ ಗಾಯನ. ವಿಡಿಯೊ ಕಾಲ್‌ನಲ್ಲಿ ಒಟ್ಟಿಗೆ ಮಾತಾಡಬಹುದು, ಒಟ್ಟಿಗೆ ಹಾಡಲು ಆಗುವುದಿಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಹತ್ತು ಮೀಟರ್ ದೂರ ಕೂತವರ ದನಿ ನಮ್ಮ ಕಿವಿಗೆ ಬರಲು ಸುಮಾರು 30 ಮಿಲಿಸೆಕೆಂಡ್ ಬೇಕು. ಅಷ್ಟು ತಡವಾದರೆ ಹೇಗೋ ಲಯ ಹಿಡಿಯಬಹುದು. ವಿಡಿಯೊ ಕಾಲ್‌ನಲ್ಲಿ ಆ ತಡ 100 ಮಿಲಿಸೆಕೆಂಡ್ ದಾಟುವುದು ಮಾಮೂಲು. ಆಗ ಇವರು ಅವರಿಗೆ ಕಾಯುತ್ತಾರೆ, ಅವರು ಇವರಿಗೆ ಕಾಯುತ್ತಾರೆ, ಹಾಡು ಎಳೆದುಕೊಂಡು ಹೋಗಿ ಕೊನೆಗೆ ನಿಂತೇ ಬಿಡುತ್ತದೆ.

ಹಾಗಾಗಿ ಎಲ್ಲರೂ ಬೇರೆ ಬೇರೆಯಾಗಿ ಹಾಡಿ ಕಳಿಸಬೇಕಾಯಿತು. ಇದಕ್ಕೆ ಧೈರ್ಯ ಕೊಟ್ಟದ್ದು ಅಮೆರಿಕದ ಸಂಯೋಜಕ ಎರಿಕ್ ವಿಟಾಕರ್ 2010ರಲ್ಲಿ ಮಾಡಿ ತೋರಿಸಿದ ಕೆಲಸ. ಅವರು 12 ದೇಶಗಳ 185 ಗಾಯಕರು ಮನೆಯಿಂದ ಕಳಿಸಿದ ವಿಡಿಯೊಗಳನ್ನು ಜೋಡಿಸಿ ಒಂದೇ ಗಾಯನ ಮಾಡಿದ್ದರು. ಅವರಿಂದ ಆಗಿದ್ದರೆ ನಮ್ಮಿಂದಲೂ ಆಗುತ್ತದೆ ಅಂತ ನಮ್ಮ ಗಾಯಕರು ಹೊರಟರು. ಆದರೆ ಕೋಣೆಯಲ್ಲಿ ಒಬ್ಬರೇ ನಿಂತು, ಹೆಡ್‌ಫೋನ್‌ನಲ್ಲಿ ಬರುವ ತಾಳಕ್ಕೆ ಹಾಡುವುದು ಎಷ್ಟು ಒಂಟಿ ಕೆಲಸ ಅನ್ನುವುದು ಮಾಡಿದವರಿಗೇ ಗೊತ್ತು. ಪಕ್ಕದವರ ದನಿಯ ಆಸರೆ ಇಲ್ಲ. ಉಸಿರು ತೆಗೆದುಕೊಂಡದ್ದೂ ಮೈಕಿನಲ್ಲಿ ಕೇಳುತ್ತದೆ. ಗುಂಪಿನಲ್ಲಿ ಗಟ್ಟಿಯಾಗಿ ಹಾಡುವ ಹುಡುಗಿಯೊಬ್ಬಳು ತನ್ನ ದನಿಯನ್ನು ಒಂಟಿಯಾಗಿ ಕೇಳಿ ಅತ್ತೇ ಬಿಟ್ಟಳು. ಮರುದಿನ ಮತ್ತೆ ಹಾಡಿ ಕಳಿಸಿದಳು. ನಿನ್ನೆ ನೀವು ಕೇಳಿದ್ದು ಆ ದನಿಯನ್ನು.

ಇನ್ನು ಇವನ್ನೆಲ್ಲ ಜೋಡಿಸಿದವರ ಕೆಲಸ. ಪ್ರತಿಯೊಬ್ಬರಿಗೂ ಹಾಡುವ ಮುಂಚೆ ತಾಳದ ಗುರುತಿಗೆ ಸರಿಯಾಗಿ ಒಮ್ಮೆ ಚಪ್ಪಾಳೆ ತಟ್ಟಲು ಹೇಳಿದ್ದೆವು. ಸಂಕಲನ ಮಾಡುವವರು ಕಂಪ್ಯೂಟರಿನಲ್ಲಿ ಆ ಚಪ್ಪಾಳೆಯನ್ನು ಹುಡುಕುತ್ತಾರೆ. ಅಲ್ಲಿ ಧ್ವನಿಯ ಗೆರೆ ಸೂಜಿಮೊನೆ ಹಾಗೆ ಮೇಲೆದ್ದಿರುತ್ತದೆ. ಎಲ್ಲರ ಗೆರೆಯನ್ನೂ ಒಂದರ ಕೆಳಗೊಂದು ಇಟ್ಟು, ಆ ಮೊನೆಗಳನ್ನು ಒಂದೇ ನೇರಕ್ಕೆ ತರಬೇಕು. ಅಲ್ಲಿಗೂ ಮುಗಿಯುವುದಿಲ್ಲ. ಒಬ್ಬರ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ಇನ್ನೊಬ್ಬರ ಗೋಡೆ ದನಿಯನ್ನು ವಾಪಸ್ ಎಸೆಯುತ್ತದೆ. ಅವನ್ನೆಲ್ಲ ಒಂದೊಂದಾಗಿ ಸರಿ ಮಾಡಬೇಕು. ನಮ್ಮ ಇಬ್ಬರು ಸಂಕಲನಕಾರರು ಪರೀಕ್ಷೆಗೂ ಓದುತ್ತಾ ಇದನ್ನು ಮಾಡಿದರು. ಒಬ್ಬರ ದನಿಯನ್ನೂ ಕೈಬಿಡಲಿಲ್ಲ. ಸ್ವಲ್ಪ ಅಪಶ್ರುತಿಯಾದವರನ್ನು ಸುಮ್ನೆ ತೆಗೆದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಹಾಗೆ ಮಾಡದೆ, ಫೋನ್ ಮಾಡಿ ಸಮಾಧಾನದಿಂದ ಮತ್ತೊಮ್ಮೆ ಹಾಡಿಸಿಕೊಂಡರು. ಈ ಉತ್ಸವದಲ್ಲಿ ನಾನು ಕಂಡ ಅತಿ ದೊಡ್ಡ ಗುಣ ಇದೇ.

ಶಾಸ್ತ್ರೀಯ ಗಾಯನ ನೇರಪ್ರಸಾರದಲ್ಲಿತ್ತು. ಅಲ್ಲಿ ತಂಬೂರಿಯೇ ಕೇಳಿಸುತ್ತಿರಲಿಲ್ಲ. ಕಾರಣ ಗೊತ್ತಾದಾಗ ಬೆರಗಾಯಿತು. ವಿಡಿಯೊ ಕಾಲ್ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಒಂದೇ ಸಮನೆ ಬರುವ ದನಿಯನ್ನು ಗದ್ದಲ ಅಂತ ತಿಳಿದು ಅಳಿಸಿಹಾಕುತ್ತವೆ. ತಂಬೂರಿಯ ಶ್ರುತಿ ಒಂದೇ ಸಮನೆ ಬರುವ ದನಿಯೇ ಅಲ್ವಾ? ಗದ್ದಲ ತಗ್ಗಿಸುವ ಆ ಸೌಲಭ್ಯವನ್ನು ಆಫ್ ಮಾಡಬೇಕು ಅಂತ ಪತ್ತೆ ಮಾಡಿ, ಪ್ರತಿ ಕಲಾವಿದರಿಗೂ ಫೋನಿನಲ್ಲಿ ಹಂತ ಹಂತವಾಗಿ ಹೇಳಿಕೊಟ್ಟವನು ಮೊದಲ ವರ್ಷದ ಹುಡುಗ. ತಮ್ಮಾ, ಆ ಸಂಜೆ ಶ್ರುತಿ ತುಂಬಿಕೊಂಡು ಕೇಳಿಸಿದ್ದು ನಿನ್ನಿಂದ.

ನೃತ್ಯ ಮಾಡಿದವರಿಗೆ ಜಾಗದ ಕಷ್ಟ. ಮಂಚ, ಮೇಜು ಸರಿಸಿ, ಕ್ಯಾಮೆರಾದಲ್ಲಿ ಕಾಲು ಕಾಣುವಷ್ಟು ದೂರ ಹಿಂದೆ ಹೋಗಿ, ಗೋಡೆಗೆ ಕೈ ತಾಗದಂತೆ ಕುಣಿದರು. ಅವರ ಅಪ್ಪ, ಅಮ್ಮ, ತಂಗಿಯರೇ ಕ್ಯಾಮೆರಾ ಹಿಡಿದರು, ದೀಪ ಹಿಡಿದರು, ಚಿತ್ರೀಕರಣ ಮುಗಿಯುವವರೆಗೆ ಉಸಿರು ಬಿಗಿಹಿಡಿದು ಕೂತರು. ಉತ್ಸವದ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಇರಬೇಕಿತ್ತು. ಎಲ್ಲ ಮನೆಯವರಿಗೂ ಕೈಮುಗಿಯುತ್ತೇನೆ.

ಹಾಸ್ಯ ನಾಟಕದ ತಂಡಕ್ಕೆ ಇದ್ದ ತೊಂದರೆಯೇ ಬೇರೆ. ನೇರಪ್ರಸಾರ ನೋಡುಗರ ಫೋನಿಗೆ ಬರುವಷ್ಟರಲ್ಲಿ ಹಲವು ಸೆಕೆಂಡ್ ಕಳೆದಿರುತ್ತದೆ. ಅವರು ನಕ್ಕರೂ ನಟರಿಗೆ ಕೇಳುವುದಿಲ್ಲ. ನಗು ಕೇಳಿಸದೆ ಮುಂದಿನ ಮಾತು ಯಾವಾಗ ಆಡಬೇಕು ಅಂತ ನಟನಿಗೆ ತಿಳಿಯುವುದಾದರೂ ಹೇಗೆ? ಹಾಗಾಗಿ ಕೆಲವು ಗೆಳೆಯರು ನಟರ ಜೊತೆ ಅದೇ ಕಾಲ್‌ನಲ್ಲಿ ಮೈಕ್ ಆನ್ ಇಟ್ಟುಕೊಂಡು ಪ್ರೇಕ್ಷಕರಾಗಿ ಕೂತರು. ತಾಲೀಮಿನಲ್ಲಿ ನಾಟಕ ಕಂಠಪಾಠವಾಗುವಷ್ಟು ಕೇಳಿದ್ದರೂ ಆ ದಿನ ಮನಸ್ಸು ಬಿಚ್ಚಿ ನಕ್ಕರು. ನಟರ ಮುಖದಲ್ಲಿ ಕಳೆ ಬಂದದ್ದು ಆ ನಗು ಕೇಳಿದ ಮೇಲೆ.

ಚಿತ್ರಕಲೆ ಮತ್ತು ಶಿಲ್ಪ ಪ್ರದರ್ಶನದ ಬಗ್ಗೆ ಒಂದು ಮಾತು ಹೇಳಲೇಬೇಕು. ಫೋನಿನ ಪರದೆಯಲ್ಲಿ ಅಂಗೈಯಗಲದ ಚಿತ್ರವೂ ಗೋಡೆಯಗಲದ ಚಿತ್ರವೂ ಒಂದೇ ಗಾತ್ರ. ಇದು ಕಲಾವಿದರಿಗೆ ಆಗುವ ದೊಡ್ಡ ಅನ್ಯಾಯ. ಪ್ರದರ್ಶನ ಜೋಡಿಸಿದ ಅಕ್ಕ ಇದಕ್ಕೊಂದು ಉಪಾಯ ಮಾಡಿದರು. ಪ್ರತಿ ಕೃತಿಯ ಜೊತೆ ಇನ್ನೊಂದು ಫೋಟೊ ಹಾಕಿಸಿದರು. ಅದರಲ್ಲಿ ಕಲಾವಿದರೇ ತಮ್ಮ ಚಿತ್ರದ ಪಕ್ಕ ನಿಂತಿದ್ದಾರೆ. ನೋಡಿದ ಕೂಡಲೇ ಅಳತೆ ಮನಸ್ಸಿಗೆ ಬರುತ್ತದೆ. ತೈಲಚಿತ್ರಗಳ ಮೇಲೆ ಬೆಳಕು ಹೊಳೆಯದಂತೆ ಎರಡೂ ಬದಿಯಿಂದ ಓರೆಯಾಗಿ ದೀಪ ಇಡುವುದನ್ನೂ ಅವರೇ ವಿಡಿಯೊ ಮಾಡಿ ಎಲ್ಲರಿಗೂ ಕಳಿಸಿದ್ದರು. ಶಿಲ್ಪಗಳನ್ನು ಸುತ್ತಲಿಂದ ನೂರಾರು ಫೋಟೊ ತೆಗೆಸಿ, ಬೆರಳಿನಿಂದ ತಿರುಗಿಸಿ ನೋಡುವ ಹಾಗೆ ಮಾಡಿಸಿದರು. ಎದುರಿಗೆ ನಿಂತು ನೋಡುವ ಸುಖ ಇದರಲ್ಲಿ ಇಲ್ಲ, ನಿಜ. ಆದರೆ ರಂಗಮಂದಿರದ ಮೊಗಸಾಲೆಯಲ್ಲಿ ಸರಸರನೆ ದಾಟಿಹೋಗುತ್ತಿದ್ದ ಚಿತ್ರಗಳ ಮುಂದೆ ಈ ಸಲ ಜನ ನಿಂತು ನೋಡಿದ್ದಾರೆ. ಒಂದು ಮೂಲೆಯ ಕುಂಚದ ಗೆರೆಯನ್ನು ದೊಡ್ಡದು ಮಾಡಿ ನೋಡಿ, ಅದರ ಬಗ್ಗೆ ಕಲಾವಿದರಿಗೇ ಬರೆದು ಕೇಳಿದ್ದಾರೆ.

ಕವಿಗೋಷ್ಠಿಗೆ ಸಬ್‌ಟೈಟಲ್ ಕೂಡಿಸಿದ ತಂಡಕ್ಕೆ ನನ್ನ ಋಣ ಜಾಸ್ತಿ. ತಾನಾಗಿಯೇ ಬರುವ ಸಬ್‌ಟೈಟಲ್ ಆಡುಮಾತಿಗೆ ಹೇಗೋ ನಡೆಯುತ್ತದೆ. ಕವಿತೆಯಲ್ಲಿ ಒಂದು ಅಕ್ಷರ ಆಚೀಚೆಯಾದರೆ ಅರ್ಥವೇ ಕೆಡುತ್ತದೆ. ಇವರು ಒಂದೊಂದು ಸಾಲನ್ನೂ ಕೇಳಿ, ಕವಿಗಳಿಗೆ ತೋರಿಸಿ, ಸಾಲು ಒಡೆಯುವ ಜಾಗವನ್ನೂ ಕೇಳಿಕೊಂಡು ಟೈಪ್ ಮಾಡಿದರು. ಕಿವಿ ಕೇಳಿಸದ ಒಬ್ಬ ನೋಡುಗರು, ಕವಿಗೋಷ್ಠಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದು ಇದೇ ಮೊದಲು ಅಂತ ಬರೆದಿದ್ದಾರೆ. ಆ ಪತ್ರವನ್ನು ತಂಡದ ಎಲ್ಲರಿಗೂ ಕಳಿಸಿದ್ದೇನೆ. ಮುಂದೆ ರಂಗಮಂದಿರ ತೆರೆದರೂ ಈ ಸಬ್‌ಟೈಟಲ್ ನಿಲ್ಲಬಾರದು. ಅದನ್ನು ಸಮಿತಿಯ ಟಿಪ್ಪಣಿಯಲ್ಲಿ ಬರೆಸಿದ್ದೇನೆ.

ಕೆಲಸ ಮುಗಿಸಿ ರಾತ್ರಿ ಮೊಬೈಲಿನಲ್ಲಿ ನೋಡಿದವರು, ಡೇಟಾ ಮುಗಿದು ಮರುದಿನ ಬಂದು ಉಳಿದದ್ದನ್ನು ನೋಡಿದವರು, ಒಂದೇ ಸಾಲಾದರೂ ಕಾಮೆಂಟ್ ಬರೆದವರು, ನಿಮಗೆಲ್ಲ ಥ್ಯಾಂಕ್ಸ್. ನಿಮ್ಮ ಕಾಮೆಂಟುಗಳನ್ನು ಕಲಾವಿದರಿಗೆ ಒಂದೊಂದಾಗಿ ತಲುಪಿಸುತ್ತಿದ್ದೇವೆ.

ಎಲ್ಲ ಕಾರ್ಯಕ್ರಮಗಳ ವಿಡಿಯೊ ಇನ್ನೂ ನೋಡಲು ಸಿಗುತ್ತವೆ. ತಮ್ಮ ಭಾಗ ತೆಗೆಯಬೇಕು ಅನ್ನುವ ಕಲಾವಿದರು ಸಮಿತಿಗೆ ಒಂದು ಮಾತು ಹೇಳಿದರೆ ಸಾಕು, ಕಾರಣ ಕೇಳುವುದಿಲ್ಲ. ಮೈಕ್, ಟ್ರೈಪಾಡ್ ಕೊಟ್ಟು ಉಪಕಾರ ಮಾಡಿದವರಿಗೆ ಅವು ಈ ವಾರವೇ ಕೊರಿಯರ್‌ನಲ್ಲಿ ವಾಪಸ್ ಬರುತ್ತವೆ. ಸಮೂಹ ಗಾಯನದವರಿಗೆ ಇನ್ನೊಂದು ವಿಷಯ. ಕ್ಯಾಂಪಸ್ ತೆರೆದ ಮೊದಲ ವಾರವೇ ಅದೇ ಹಾಡನ್ನು ಎಲ್ಲರೂ ಒಟ್ಟಿಗೆ ನಿಂತು ಹಾಡಬೇಕು ಅಂತ ಸಂಕಲನಕಾರರು ಕೇಳಿದ್ದಾರೆ. ಅವರ ಆಸೆಗೆ ನಾನು ಆಗಲೇ ಒಪ್ಪಿಕೊಂಡಿದ್ದೇನೆ. ಅಭ್ಯಾಸ ಬಿಡಬೇಡಿ.